ಮಿದುಳಿಗೆ ಕರೆಂಟ್: ಆಪರೇಷನ್ ಮುಗಿದ ಮೇಲೆ ಶುರುವಾಗುವ ಚಿಕಿತ್ಸೆ

2017ರ ಜುಲೈನಲ್ಲಿ ಬೆಂಗಳೂರಿನ ಆಪರೇಷನ್ ಥಿಯೇಟರ್ ಒಂದರ ವಿಡಿಯೊ ದೇಶದ ತುಂಬ ಓಡಾಡಿತು. ತಲೆಗೆ ಲೋಹದ ಚೌಕಟ್ಟು ಬಿಗಿಸಿಕೊಂಡ ಯುವಕರೊಬ್ಬರು ಎಚ್ಚರವಾಗಿಯೇ ಮಲಗಿ ಗಿಟಾರ್ ನುಡಿಸುತ್ತಿದ್ದರು. ಅತ್ತ ವೈದ್ಯರು ಅವರ ಮಿದುಳಿನೊಳಗೆ ಕೆಲಸ ಮಾಡುತ್ತಿದ್ದರು. ಸ್ನಾಯುಗಳು ತಮ್ಮಷ್ಟಕ್ಕೇ ಬಿಗಿದುಕೊಳ್ಳುವ ಡಿಸ್ಟೋನಿಯಾ ಎಂಬ ಕಾಯಿಲೆ ಅವರಿಗಿತ್ತು, ಗಿಟಾರ್ ನುಡಿಸಲು ಹೋದರೆ ಮಾತ್ರ ಬೆರಳು ಸೆಟೆದುಕೊಳ್ಳುತ್ತಿತ್ತು. ಬೆರಳು ಸಡಿಲವಾಯಿತೋ ಇಲ್ಲವೋ ಅಂತ ಅಲ್ಲೇ ತಿಳಿಯಬೇಕಿತ್ತು, ಅದಕ್ಕೇ ಗಿಟಾರ್.

ಅದು ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಅಂತ ತಿಳಿದುಕೊಂಡವರು ಈಗಲೂ ಸಿಗುತ್ತಾರೆ. ಅಲ್ಲ. ಅಲ್ಲಿ ಮಾಡಿದ್ದು ಮಿದುಳಿನ ಒಂದು ಸಣ್ಣ ಚುಕ್ಕಿಯನ್ನು ಶಾಖ ಕೊಟ್ಟು ಸುಡುವ ಕೆಲಸ. ಸುಟ್ಟ ಮೇಲೆ ಹೊಲಿಗೆ ಹಾಕಿ ಮನೆಗೆ ಕಳಿಸುತ್ತಾರೆ, ಒಳಗೆ ಏನನ್ನೂ ಬಿಡುವುದಿಲ್ಲ. ಪಾರ್ಕಿನ್ಸನ್ಸ್‌ನಂಥ ನಡುಕ, ಬಿಗಿತದ ಕಾಯಿಲೆಗಳಿಗೆ ಮಾಡುವ ಡಿಬಿಎಸ್‌ನಲ್ಲಿ ಏನನ್ನೂ ಸುಡುವುದಿಲ್ಲ. ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಜೀವನಪೂರ್ತಿ ಕರೆಂಟ್ ಹರಿಸುತ್ತಾರೆ. ಎರಡಕ್ಕೂ ಚೌಕಟ್ಟು ಒಂದೇ, ತಲೆಬುರುಡೆಯಲ್ಲಿ ಕೊರೆಯುವ ತೂತೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ವಿಡಿಯೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರೋಗಿಯ ಮುಂದಿನ ಇಪ್ಪತ್ತು ವರ್ಷ ಮಾತ್ರ ಪೂರ್ತಿ ಬೇರೆ.

ನಮ್ಮಲ್ಲಿ ಡಿಬಿಎಸ್ ಸುದ್ದಿ ಬಂದಾಗಲೆಲ್ಲ ಆಪರೇಷನ್ನಿನ ಮಾತೇ ಜಾಸ್ತಿ. ಎಷ್ಟು ಗಂಟೆ ಹಿಡಿಯಿತು, ರೋಗಿ ಹಾಡಿದರಾ, ನಡುಕ ತಕ್ಷಣ ನಿಂತಿತಾ. ಈ ಚಿಕಿತ್ಸೆಯಲ್ಲಿ ಸರ್ಜನ್‌ ಕೆಲಸ ಒಂದೆರಡು ದಿನದ್ದು. ಆಮೇಲಿನದ್ದು ನರರೋಗ ತಜ್ಞರ ಕೋಣೆಯಲ್ಲಿ, ಒಂದು ಟ್ಯಾಬ್ಲೆಟ್ ಪರದೆಯ ಮುಂದೆ, ತಿಂಗಳುಗಟ್ಟಲೆ ನಡೆಯುವ ಹೊಂದಾಣಿಕೆ. ಫಲ ನಿಂತಿರುವುದು ಅದರ ಮೇಲೆ. ಖರ್ಚು, ಓಡಾಟ, ನಿರಾಶೆ ಎಲ್ಲ ಹುಟ್ಟುವುದೂ ಅಲ್ಲೇ.

ಸುಡುವ ಕೆಲಸ ಮೊದಲು ಬಂತು. 1947ರಲ್ಲಿ ಅಮೆರಿಕದ ಸ್ಪೀಗಲ್ ಮತ್ತು ವೈಸಿಸ್ ಮನುಷ್ಯರ ತಲೆಗೆ ಹೊಂದುವ ಚೌಕಟ್ಟು ಮಾಡಿದರು. ಮಿದುಳಿನ ಯಾವುದೇ ಬಿಂದುವನ್ನು ಅಳತೆ ಹಿಡಿದು ಮುಟ್ಟಲು ಅದು ದಾರಿ ಮಾಡಿಕೊಟ್ಟಿತು. 1952ರಲ್ಲಿ ಇರ್ವಿಂಗ್ ಕೂಪರ್ ಎಂಬ ಸರ್ಜನ್ ಪಾರ್ಕಿನ್ಸನ್ಸ್ ರೋಗಿಯೊಬ್ಬರ ಆಪರೇಷನ್ ಮಾಡುವಾಗ ಆಕಸ್ಮಿಕವಾಗಿ ಒಂದು ರಕ್ತನಾಳಕ್ಕೆ ಪೆಟ್ಟಾಯಿತು. ಅದನ್ನು ಕಟ್ಟಿ, ಆಪರೇಷನ್ ಅಲ್ಲಿಗೇ ನಿಲ್ಲಿಸಿದರು. ರೋಗಿ ಎದ್ದಾಗ ನಡುಕ ಕಡಿಮೆಯಾಗಿತ್ತು! ಮಿದುಳಿನ ಯಾವ ಜಾಗ ಕೆಲಸ ನಿಲ್ಲಿಸಿದರೆ ನಡುಕ ನಿಲ್ಲುತ್ತದೆ ಅನ್ನುವುದಕ್ಕೆ ಅದೊಂದು ಸುಳಿವಾಯಿತು. ಆಮೇಲಿನ ಹತ್ತು ಹದಿನೈದು ವರ್ಷ ಥಲಾಮಸ್ ಮತ್ತು ಪ್ಯಾಲಿಡಮ್ ಎಂಬ ಭಾಗಗಳನ್ನು ಸುಡುವ ಆಪರೇಷನ್‌ಗಳು ಜಗತ್ತಿನಾದ್ಯಂತ ನಡೆದವು.

ಆಗ ಮಾತ್ರೆ ಬಂತು. ಪಾರ್ಕಿನ್ಸನ್ಸ್‌ನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಜೀವಕೋಶಗಳು ಸಾಯುತ್ತವೆ. ಡೋಪಮೈನನ್ನೇ ನುಂಗಿದರೆ ಅದು ಮಿದುಳಿಗೆ ಹೋಗುವುದಿಲ್ಲ, ಆದರೆ ಅದರ ಹಿಂದಿನ ರೂಪವಾದ ಲೆವೊಡೋಪಾ ಹೋಗುತ್ತದೆ. 1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ದೊಡ್ಡ ಪ್ರಮಾಣದಲ್ಲಿ ಇದನ್ನು ಕೊಟ್ಟು ಫಲ ತೋರಿಸಿದರು. ನಮ್ಮ ಬೇಲಿ ಸಾಲಿನ ನಸುಗುನ್ನಿ ಇದೆಯಲ್ಲ, ಮುಟ್ಟಿದರೆ ಮೈಯೆಲ್ಲ ನವೆ ಏಳುತ್ತದಲ್ಲ, ಅದರ ಬೀಜದಲ್ಲೂ ಲೆವೊಡೋಪಾ ಇದೆ. ಇದನ್ನು 1937ರಲ್ಲೇ ಭಾರತದ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದ್ದರು. ಹಾಗಂತ ಮನೆಯಲ್ಲೇ ಬೀಜ ಪುಡಿ ಮಾಡಿ ತಿನ್ನುವುದು ಬೇಡ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಲೆಕ್ಕವೇ ತಪ್ಪಿಹೋಗುತ್ತದೆ.

ಲೆವೊಡೋಪಾ ಬಂದ ಮೇಲೆ ಸುಡುವ ಆಪರೇಷನ್ ಹೆಚ್ಚುಕಮ್ಮಿ ನಿಂತೇಹೋಯಿತು. ಮತ್ತೆ ಸರ್ಜನ್‌ಗಳ ಬಾಗಿಲು ತಟ್ಟಬೇಕಾಗಿ ಬಂದದ್ದು ಮಾತ್ರೆಯ ಇನ್ನೊಂದು ಮುಖ ಕಂಡಾಗ. ಮೊದಲ ಕೆಲವು ವರ್ಷ ದಿನಕ್ಕೆ ಮೂರು ಮಾತ್ರೆ ನುಂಗಿದರೆ ದಿನವಿಡೀ ಸಲೀಸು. ಆಮೇಲಾಮೇಲೆ ಒಂದು ಮಾತ್ರೆ ನಾಲ್ಕು ಗಂಟೆ ಬರುತ್ತದೆ, ಮುಂದೆ ಮೂರು, ಮುಂದೆ ಎರಡೇ ಗಂಟೆ. ಪಾರ್ಕಿನ್ಸನ್ಸ್ ಇರುವ ಮನೆಗಳಲ್ಲಿ ‘ಆನ್’, ‘ಆಫ್’ ಅನ್ನುವುದು ದಿನಬಳಕೆಯ ಮಾತು. ‘ಅಪ್ಪ ಈಗ ಆಫ್ ಆಗಿದ್ದಾರೆ, ಹತ್ತು ನಿಮಿಷ ಬಿಟ್ಟು ಫೋನ್ ಮಾಡಿ.’ ಆಫ್ ಅಂದರೆ ಕುರ್ಚಿಯಿಂದ ಏಳಲಾಗದ ಸ್ಥಿತಿ. ಆನ್ ಆದಾಗಲೂ ನೆಮ್ಮದಿಯಿಲ್ಲ. ಕೈಕಾಲು ಕತ್ತು ತಮ್ಮಷ್ಟಕ್ಕೇ ತಿರುಚಿಕೊಂಡು ಆಡಲು ಶುರು. ಇದು ಡಿಸ್ಕೈನೀಸಿಯಾ, ಔಷಧಿ ತಂದ ಚಲನೆ. ಡೋಸ್ ಕಡಿಮೆ ಮಾಡಿದರೆ ಆಫ್, ಜಾಸ್ತಿ ಮಾಡಿದರೆ ಈ ಕುಣಿತ. ನಡುವೆ ಉಳಿಯುವ ಒಳ್ಳೆಯ ಗಂಟೆಗಳು ವರ್ಷ ಕಳೆದಂತೆ ಕಡಿಮೆಯಾಗುತ್ತವೆ.

1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಅಲಿಮ್ ಲೂಯಿ ಬೆನಬಿಡ್ ಮಾಡಿದ ಗಮನಿಕೆ ಇಲ್ಲಿ ಬಹಳ ದೊಡ್ಡದು. ಸುಡುವ ಮೊದಲು ಜಾಗ ಸರಿಯೇ ಅಂತ ನೋಡಲು ಸರ್ಜನ್‌ಗಳು ಸಣ್ಣ ಕರೆಂಟ್ ಕೊಟ್ಟು ಪರೀಕ್ಷಿಸುವುದು ವಾಡಿಕೆ. ಬೆನಬಿಡ್ ಆವರ್ತನ ಬದಲಿಸುತ್ತ ಹೋದರು. ಕಡಿಮೆ ಇದ್ದಾಗ ನಡುಕ ಹೆಚ್ಚಾಗುತ್ತಿತ್ತು. ಸೆಕೆಂಡಿಗೆ ನೂರು ಬಡಿತದ ಆಸುಪಾಸು ತಲುಪಿದಾಗ ನಡುಕ ನಿಂತಿತು. ಕರೆಂಟ್ ತೆಗೆದರೆ ಮತ್ತೆ ಶುರು. ಸುಟ್ಟರೆ ಸಿಗುವ ಫಲವೇ ಸುಡದೆಯೂ ಸಿಗುತ್ತದೆ, ಬೇಡವೆನಿಸಿದರೆ ನಿಲ್ಲಿಸಲೂಬಹುದು! ಹಾಗಿದ್ದರೆ ತಂತಿಯನ್ನು ಒಳಗೇ ಬಿಟ್ಟರೆ ಹೇಗೆ? ಪಿಯರ್ ಪೊಲಾಕ್ ಎಂಬ ನರರೋಗ ತಜ್ಞರ ಜೊತೆ ಸೇರಿ ಅವರು ಅದನ್ನೇ ಮಾಡಿದರು.

ಎಲ್ಲಿ ತಂತಿ ಇಡಬೇಕು ಅನ್ನುವುದಕ್ಕೆ ಉತ್ತರ ಬಂದ ದಾರಿ ಇನ್ನೂ ವಿಚಿತ್ರ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು ಇದ್ದಕ್ಕಿದ್ದಂತೆ ಕಲ್ಲಾದರು. ಮಾತಿಲ್ಲ, ಚಲನೆಯಿಲ್ಲ. ಕದ್ದು ತಯಾರಿಸಿದ ಆ ಮಾಲಿನಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಸೇರಿಹೋಗಿತ್ತು. ಡೋಪಮೈನ್ ಜೀವಕೋಶಗಳನ್ನು ಅದು ಆರಿಸಿ ಕೊಂದಿತ್ತು. ಅವರ ಪಾಲಿಗೆ ದುರಂತ. ವಿಜ್ಞಾನಿಗಳಿಗೆ ಮಾತ್ರ ಕೋತಿಗಳಲ್ಲಿ ಪಾರ್ಕಿನ್ಸನ್ಸ್ ಉಂಟುಮಾಡಿ ಅಭ್ಯಾಸ ಮಾಡುವ ದಾರಿ ಸಿಕ್ಕಿತು. ಡೋಪಮೈನ್ ಇಲ್ಲದಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟು ಅತಿಯಾಗಿ ಚುರುಕಾಗುತ್ತದೆ, ಅದನ್ನು ಸುಮ್ಮನಾಗಿಸಿದರೆ ಕೋತಿ ಮತ್ತೆ ಓಡಾಡುತ್ತದೆ ಅಂತ 1990ರಲ್ಲಿ ಮಾಲನ್ ಡಿಲಾಂಗ್ ತಂಡ ತೋರಿಸಿತು. ಬೆನಬಿಡ್ ತಂಡ 1993ರಲ್ಲಿ ಮನುಷ್ಯರಲ್ಲಿ ಅದೇ ಗಂಟಿಗೆ ತಂತಿ ಇಳಿಸಿತು. 2014ರಲ್ಲಿ ಡಿಲಾಂಗ್, ಬೆನಬಿಡ್ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ಈ ಗಂಟು ಅವರೆಕಾಳಿಗಿಂತ ಚಿಕ್ಕದು, ತಲೆಯ ಎರಡೂ ಬದಿಗೆ ಒಂದೊಂದು. ಇದರ ಆಜುಬಾಜಿನಲ್ಲೇ ಕೈಕಾಲಿಗೆ ಆಜ್ಞೆ ಒಯ್ಯುವ ನರತಂತುಗಳು, ಸ್ಪರ್ಶ ತಿಳಿಸುವ ತಂತುಗಳು, ಕಣ್ಣು ತಿರುಗಿಸುವ ನರ ಎಲ್ಲ ಹಾಯುತ್ತವೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಕರೆಂಟ್ ಬೇಡದ ಜಾಗಕ್ಕೆ ಸೋರುತ್ತದೆ.

ಇಷ್ಟಾದರೂ ಈ ಕರೆಂಟ್ ನಿಜಕ್ಕೂ ಏನು ಮಾಡುತ್ತದೆ? ಸುಟ್ಟಂತೆಯೇ ಆ ಗಂಟನ್ನು ಸುಮ್ಮನಾಗಿಸುತ್ತದೆ ಅಂತ ಮೊದಲು ಅಂದುಕೊಂಡಿದ್ದರು. ಈಗ ಹೇಳುವುದು ಬೇರೆ. ಪಾರ್ಕಿನ್ಸನ್ಸ್ ಇರುವ ಮಿದುಳಿನಲ್ಲಿ ಸೆಕೆಂಡಿಗೆ 13ರಿಂದ 35 ಸಲ ಏರಿಳಿಯುವ ಬೀಟಾ ಎಂಬ ಲಯ ಬಹಳ ಜೋರಾಗಿರುತ್ತದೆ. ಸಾವಿರಾರು ಜೀವಕೋಶಗಳು ಒಂದೇ ತಾಳಕ್ಕೆ ಸಿಕ್ಕಿಹಾಕಿಕೊಂಡು, ಹೊಸ ಚಲನೆಗೆ ಎಡೆಯೇ ಇಲ್ಲದಂತಾಗುತ್ತದೆ. ಸೆಕೆಂಡಿಗೆ 130 ಸಲ ಬಡಿಯುವ ಕರೆಂಟ್ ಈ ತಾಳವನ್ನು ಮುರಿಯುತ್ತದೆ. ಸತ್ತ ಜೀವಕೋಶ ಬದುಕುವುದಿಲ್ಲ. ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ. ಡಿಬಿಎಸ್ ಪಾರ್ಕಿನ್ಸನ್ಸನ್ನು ವಾಸಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಪರೇಷನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಲೆಗೆ ಚೌಕಟ್ಟು ಬಿಗಿದು ಸ್ಕ್ಯಾನ್ ತೆಗೆಯುತ್ತಾರೆ. ಚರ್ಮ ಮತ್ತು ಮೂಳೆ ಪೊರೆಗೆ ಮರಗಟ್ಟುವ ಇಂಜೆಕ್ಷನ್ ಸಾಕು, ಮಿದುಳಿಗೇ ನೋವು ತಿಳಿಯುವ ಶಕ್ತಿಯಿಲ್ಲ. ಕೂದಲಿನಷ್ಟು ತೆಳ್ಳಗಿನ ಪರೀಕ್ಷಾ ತಂತಿಯನ್ನು ಇಳಿಸುತ್ತ ಹೋದಂತೆ ಜೀವಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳಿಸುತ್ತದೆ. ಸಬ್‌ಥಲಾಮಿಕ್ ಗಂಟು ಬಂದಾಗ ಸದ್ದು ಒಮ್ಮೆಲೇ ಗಿಜಿಗುಡುತ್ತದೆ. ಆಮೇಲೆ ಖಾಯಂ ತಂತಿ. ಇದರ ದಪ್ಪ ಸುಮಾರು 1.27 ಮಿಲಿಮೀಟರ್, ತುದಿಯಲ್ಲಿ ಕರೆಂಟ್ ಬಿಡುವ ನಾಲ್ಕು ಅಥವಾ ಹೆಚ್ಚು ಬಿಂದುಗಳು. ಈಚೆಗೆ ಅರಿವಳಿಕೆ ಕೊಟ್ಟು ಪೂರ್ತಿ ನಿದ್ದೆ ಮಾಡಿಸಿ, ಸ್ಕ್ಯಾನ್ ಆಧಾರದಿಂದಲೇ ತಂತಿ ಇಡುವ ಕಡೆಗಳೂ ಇವೆ. ಎಚ್ಚರವಾಗಿ ಇರಬೇಕಲ್ಲಾ ಅಂತ ಹೆದರಿ ಹಿಂದೆ ಸರಿಯುವವರು ಇದನ್ನು ಕೇಳಿ ನೋಡಬೇಕು. ಕಡೆಗೆ ಎದೆಯ ಮೇಲ್ಭಾಗದ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಕತ್ತಿನ ಒಳಗಿಂದ ವೈರ್ ಎಳೆದು ಜೋಡಿಸುತ್ತಾರೆ.

ಇದರ ಬೆನ್ನಲ್ಲೇ ಒಂದು ಮೋಸ ಕಾದಿರುತ್ತದೆ. ಕರೆಂಟ್ ಇನ್ನೂ ಹಾಕಿಯೇ ಇರುವುದಿಲ್ಲ, ಆದರೂ ರೋಗಿ ಲವಲವಿಕೆಯಿಂದ ಓಡಾಡುತ್ತಾರೆ. ತಂತಿ ಇಳಿದ ಜಾಗದಲ್ಲಿ ಆದ ಸಣ್ಣ ಊತದ ಫಲ ಅದು. ಮನೆಯವರು ನೆಂಟರಿಗೆಲ್ಲ ಫೋನ್ ಮಾಡಿ ‘ಸರಿ ಹೋಯ್ತು’ ಅಂದುಬಿಡುತ್ತಾರೆ. ದಿನ ಕಳೆದಂತೆ ಊತ ಇಳಿಯುತ್ತದೆ, ನಡುಕ ವಾಪಸ್ ಬರುತ್ತದೆ. ಆಪರೇಷನ್ ಫೇಲ್ ಆಯಿತು ಅಂತ ಅಳು ಶುರು. ನಿಜವಾದ ಚಿಕಿತ್ಸೆ ಆಗ ಇನ್ನೂ ಆರಂಭವೇ ಆಗಿರುವುದಿಲ್ಲ.

ಅದು ಆರಂಭವಾಗುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ನಂತರ, ಬೆಳಗ್ಗೆ, ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬಂದ ಸ್ಥಿತಿಯಲ್ಲಿ. ರೋಗಿ ಪೂರ್ತಿ ಆಫ್. ವೀಲ್‌ಚೇರಿನಲ್ಲಿ ತಂದು ಕೂರಿಸಿರುತ್ತಾರೆ. ಎದೆಯ ಬ್ಯಾಟರಿಯ ಜೊತೆ ಡಾಕ್ಟರ ಕೈಯ ಟ್ಯಾಬ್ಲೆಟ್ ಸಂಪರ್ಕ ಪಡೆಯುತ್ತದೆ. ಮೊದಲು ಎಡಬದಿಯ ತಂತಿಯ ಅತಿ ಕೆಳಗಿನ ಬಿಂದು. ಕರೆಂಟ್ ಅರ್ಧ ಮಿಲಿಆಂಪ್. ‘ಅಮ್ಮಾ, ಏನಾದ್ರೂ ಅನ್ಸ್ತಾ?’ ಇಲ್ಲ. ಒಂದು ಮಿಲಿಆಂಪ್. ಡಾಕ್ಟರು ಬಲ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿ ಬಿಗಿತ ನೋಡುತ್ತಾರೆ, ಎಡಬದಿಯ ಮಿದುಳು ಆಳುವುದು ಬಲಗೈಯನ್ನಲ್ಲವೇ. ಬಿಗಿತ ಸೆಕೆಂಡುಗಳಲ್ಲಿ ಸಡಿಲವಾಗುತ್ತದೆ, ಅದಕ್ಕೇ ಮೊದಲು ಮಣಿಕಟ್ಟು. ‘ಹೆಬ್ಬೆರಳು ತೋರುಬೆರಳು ಹೀಗೆ ತಟ್ಟಿ, ದೊಡ್ಡದಾಗಿ, ಬೇಗ ಬೇಗ.’ ಒಂದೂವರೆ. ಎರಡು. ಕೈ ಜುಮ್ಮೆನ್ನುತ್ತದೆ ಅನ್ನುತ್ತಾರೆ, ಕ್ಷಣದಲ್ಲಿ ಮಾಯ. ‘ಸೋಮವಾರದಿಂದ ವಾರಗಳ ಹೆಸರು ಹೇಳಿ.’ ಎರಡೂವರೆಗೆ ಬಂದಾಗ ಗುರುವಾರ ಅನ್ನುವಲ್ಲಿ ನಾಲಿಗೆ ತೊಡರುತ್ತದೆ, ತುಟಿ ಒಂದು ಬದಿಗೆ ಎಳೆಯುತ್ತದೆ. ಕರೆಂಟ್ ಪಕ್ಕದ ತಂತುಗಳಿಗೆ ಸೋರಿತು ಅಂತ ಅರ್ಥ. ಬರೆದುಕೊಂಡು, ಸೊನ್ನೆಗೆ ತಂದು, ಮುಂದಿನ ಬಿಂದು. ಹೀಗೆ ಎಲ್ಲ ಬಿಂದುಗಳೂ, ಎರಡೂ ಬದಿ. ಎಷ್ಟಕ್ಕೆ ಫಲ ಶುರು, ಎಷ್ಟಕ್ಕೆ ತೊಂದರೆ ಶುರು? ಆ ಎರಡರ ನಡುವೆ ಅಂತರ ಎಲ್ಲಿ ಹೆಚ್ಚಿದೆಯೋ ಆ ಬಿಂದುವನ್ನು ಆರಿಸುತ್ತಾರೆ.

ಅದಾದ ಮೇಲೆ ಮಾತ್ರೆ ಕಡಿಮೆ ಮಾಡಬೇಕು, ಅದೂ ಮೆಲ್ಲಗೆ. ಸಬ್‌ಥಲಾಮಿಕ್ ಡಿಬಿಎಸ್ ಆದವರಲ್ಲಿ ಔಷಧಿ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಬೇಗ ಇಳಿಸಿದರೆ ಕೈಕಾಲು ಚೆನ್ನಾಗಿಯೇ ಇರುತ್ತದೆ, ಮನಸ್ಸು ಮಾತ್ರ ಕುಸಿಯುತ್ತದೆ. ಯಾವುದರಲ್ಲೂ ಆಸಕ್ತಿಯಿಲ್ಲ, ಸುಮ್ನೆ ಕೂತಿರುತ್ತಾರೆ. ಮೊದಲ ಮೂರರಿಂದ ಆರು ತಿಂಗಳು ಮತ್ತೆ ಮತ್ತೆ ಬರಬೇಕು. ಡಿಸ್ಟೋನಿಯಾ ಇದ್ದರೆ ಇನ್ನೂ ಕಷ್ಟ. ಅದರಲ್ಲಿ ಫಲ ಕಾಣಲು ವಾರಗಳು, ತಿಂಗಳುಗಳು ಬೇಕು. ಇವತ್ತು ಬದಲಿಸಿದ ಸೆಟ್ಟಿಂಗ್ ಸರಿಯೋ ತಪ್ಪೋ ಅಂತ ಇವತ್ತೇ ಹೇಳಲು ಬರುವುದಿಲ್ಲ. ಆದರೂ ಡಿವೈಟಿ1 ಎಂಬ ಜೀನ್ ದೋಷದಿಂದ ಡಿಸ್ಟೋನಿಯಾ ಬಂದ ಮಕ್ಕಳಲ್ಲಿ ಪ್ಯಾಲಿಡಮ್‌ಗೆ ಕೊಟ್ಟ ಕರೆಂಟ್ ಮಾಡಿದ ಕೆಲಸ ಅಸಾಮಾನ್ಯ. 2000ದಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆ ತಂಡ ಇಂಥ ರೋಗಿಗಳ ವಿವರ ಪ್ರಕಟಿಸಿದಾಗ ವೈದ್ಯಲೋಕ ಬೆರಗಾಗಿತ್ತು.

ಈಗ ಬೀದರ್‌ನಿಂದಲೋ ಕಾರವಾರದಿಂದಲೋ ಬರುವವರನ್ನು ನೆನೆಯಿರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಡಿಬಿಎಸ್ ಮಾಡುವ ಕೆಲವು ಖಾಸಗಿ ಆಸ್ಪತ್ರೆಗಳಿವೆ. ಮಾತ್ರೆ ನಿಲ್ಲಿಸಿ ಕಲ್ಲಾದ ದೇಹವನ್ನು ರಾತ್ರಿ ಬಸ್ಸಿನಲ್ಲಿ ತರುವುದು ಹೇಗೆ? ಹಿಂದಿನ ದಿನವೇ ಬಂದು ಲಾಡ್ಜ್ ಮಾಡಬೇಕು, ಜೊತೆಗೊಬ್ಬರು ರಜೆ ಹಾಕಬೇಕು. ಆಪರೇಷನ್ನಿಗೆ ಊರೆಲ್ಲ ಸೇರಿ ಹಣ ಹೊಂದಿಸುತ್ತದೆ, ಏಳನೇ ಸಲದ ಸೆಟ್ಟಿಂಗ್ ಹೊಂದಾಣಿಕೆಗೆ, ಅಂದರೆ ಪ್ರೋಗ್ರಾಮಿಂಗ್‌ಗೆ ಯಾರೂ ಹೊಂದಿಸುವುದಿಲ್ಲ. ಸೆಟ್ಟಿಂಗ್ ಅರ್ಧಂಬರ್ಧ ಉಳಿಯುತ್ತದೆ. ಆಮೇಲೆ ‘ಅಷ್ಟೊಂದು ಖರ್ಚು ಮಾಡಿದರೂ ಏನೂ ಆಗಲಿಲ್ಲ’ ಎಂಬ ಮಾತು. ಮನೆಯಲ್ಲೇ ಕೂತು ಇಂಟರ್ನೆಟ್ ಮೂಲಕ ಸೆಟ್ಟಿಂಗ್ ಬದಲಿಸುವ ವ್ಯವಸ್ಥೆಗೆ ಅಮೆರಿಕದ ಔಷಧಿ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಕ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ ತಂತಿ, ಹೊಸ ಬ್ಯಾಟರಿಗಳಿಗಿಂತ ನಮ್ಮಂಥ ದೊಡ್ಡ ರಾಜ್ಯಕ್ಕೆ ಜಾಸ್ತಿ ಉಪಯೋಗ ಇದರದ್ದೇ ಅಂತ ನನಗನಿಸುತ್ತದೆ.

ಹಾಗಾದರೆ ಯಾರಿಗೆ ಮಾಡಿಸಬಹುದು? ಪಾರ್ಕಿನ್ಸನ್ಸ್‌ನಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಇದೆ. ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಗ್ಗೆ ನಡಿಗೆ, ಬಿಗಿತ, ನಡುಕಕ್ಕೆ ಅಂಕ ಕೊಡುತ್ತಾರೆ. ಆಮೇಲೆ ಲೆವೊಡೋಪಾ ಕೊಟ್ಟು ಮತ್ತೆ ಅಂಕ. ಸುಮಾರು ಮೂರನೇ ಒಂದರಷ್ಟಾದರೂ ಸುಧಾರಿಸಿದರೆ ಮಾತ್ರ ಮುಂದಿನ ಮಾತು. ಯಾಕೆಂದರೆ ಮಾತ್ರೆ ಯಾವುದನ್ನು ಸರಿಮಾಡುತ್ತದೋ ಡಿಬಿಎಸ್ ಹೆಚ್ಚುಕಮ್ಮಿ ಅದನ್ನೇ ಸರಿಮಾಡುತ್ತದೆ, ಆದರೆ ದಿನವಿಡೀ, ಏರಿಳಿತವಿಲ್ಲದೆ. ನಡುಕಕ್ಕೆ ಮಾತ್ರ ವಿನಾಯಿತಿ, ಮಾತ್ರೆಗೆ ಬಗ್ಗದ ನಡುಕವೂ ಕರೆಂಟಿಗೆ ಬಗ್ಗಬಹುದು. ಒಳ್ಳೆಯ ಆನ್ ಸ್ಥಿತಿಯಲ್ಲೂ ಬೀಳುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನೆನಪು ಹೋಗುತ್ತಿದ್ದರೆ ಡಿಬಿಎಸ್ ಕೈ ಹಿಡಿಯುವುದಿಲ್ಲ. ಕೆಲವೊಮ್ಮೆ ಇವು ಇನ್ನೂ ಕೆಡುತ್ತವೆ. ಪಾರ್ಕಿನ್ಸನ್ಸ್ ಥರವೇ ಕಾಣುವ, ಆದರೆ ಲೆವೊಡೋಪಾಕ್ಕೆ ಸರಿಯಾಗಿ ಜಗ್ಗದ ಎಂಎಸ್‌ಎ, ಪಿಎಸ್‌ಪಿ ಎಂಬ ಕಾಯಿಲೆಗಳಿಗಂತೂ ಇದು ಬೇಡವೇ ಬೇಡ.

ಎಸೆನ್ಶಿಯಲ್ ಟ್ರೆಮರ್ ಬೇರೆ ಕಥೆ. ಕಾಫಿ ಲೋಟ ಎತ್ತಿದಾಗ, ಸಹಿ ಹಾಕುವಾಗ ಕೈ ನಡುಗುವುದು, ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದದ್ದು. ಅದರಲ್ಲಿ ತಂತಿ ಹೋಗುವುದು ಥಲಾಮಸ್‌ಗೆ. ಅಮೆರಿಕದಲ್ಲಿ 1997ರಲ್ಲಿ ಡಿಬಿಎಸ್‌ಗೆ ಮೊದಲ ಒಪ್ಪಿಗೆ ಸಿಕ್ಕಿದ್ದೇ ನಡುಕಕ್ಕೆ. ಪಾರ್ಕಿನ್ಸನ್ಸ್‌ನ ಉಳಿದ ಲಕ್ಷಣಗಳಿಗೆ 2002ರಲ್ಲಿ, ಡಿಸ್ಟೋನಿಯಾಗೆ 2003ರಲ್ಲಿ ಸಿಕ್ಕಿತು.

ಎಲ್ಲ ಔಷಧಿ ಮುಗಿದು, ಹಾಸಿಗೆ ಹಿಡಿದ ಮೇಲೆ ಕೊನೆಯ ಪ್ರಯತ್ನವಾಗಿ ಡಿಬಿಎಸ್ ಅನ್ನುವ ಹಳೆಯ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಇದರಿಂದ ಆಗುವ ನಷ್ಟ ದೊಡ್ಡದು. 2013ರಲ್ಲಿ ಪ್ರಕಟವಾದ ಅರ್ಲಿಸ್ಟಿಮ್ ಅಧ್ಯಯನದಲ್ಲಿ 251 ಜನರಿದ್ದರು. ಸರಾಸರಿ ವಯಸ್ಸು ಐವತ್ತರ ಆರಂಭ, ಕಾಯಿಲೆ ಬಂದು ಸರಾಸರಿ ಏಳೂವರೆ ವರ್ಷ, ಆನ್-ಆಫ್ ಏರಿಳಿತ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಎರಡು ವರ್ಷದ ಕೊನೆಗೆ ಡಿಬಿಎಸ್ ಆದವರ ಬದುಕಿನ ಗುಣಮಟ್ಟ ಸುಮಾರು 26 ಶೇಕಡ ಸುಧಾರಿಸಿತ್ತು. ಬರೀ ಔಷಧಿಯಲ್ಲಿದ್ದವರದ್ದು ಇದ್ದಲ್ಲೇ ಇತ್ತು. 2016ರಲ್ಲಿ ಎಫ್‌ಡಿಎ ಕೂಡ ಕಾಯಿಲೆ ಬಂದು ನಾಲ್ಕು ವರ್ಷವಾಗಿ, ಈಚೆಗೆ ಏರಿಳಿತ ಶುರುವಾದವರಿಗೂ ಬಾಗಿಲು ತೆರೆಯಿತು. ಕೆಲಸದಲ್ಲಿರುವಾಗಲೇ, ಮನೆಯ ಜವಾಬ್ದಾರಿ ಹೊತ್ತಿರುವಾಗಲೇ ಮಾಡಿಸಿಕೊಂಡವರು ಕೆಲಸ ಉಳಿಸಿಕೊಳ್ಳಬಹುದು. ನಿವೃತ್ತಿಯಾಗಿ, ಬಿದ್ದು ಸೊಂಟ ಮುರಿದ ಮೇಲೆ ಮಾಡಿಸಿದರೆ ಆ ವರ್ಷಗಳು ವಾಪಸ್ ಬರುವುದಿಲ್ಲ. ಹಾಗಂತ ಕಾಯಿಲೆ ಗೊತ್ತಾದ ಮೊದಲ ವರ್ಷವೇ ಓಡಬೇಕಾಗಿಲ್ಲ. ಆಗ ಮಾತ್ರೆಯೇ ಸಾಕು. ಅದು ನಿಜಕ್ಕೂ ಪಾರ್ಕಿನ್ಸನ್ಸೇ ಅಂತ ಖಚಿತವಾಗಲೂ ಕೆಲವು ವರ್ಷ ಬೇಕು.

ಲಾಭ ನಷ್ಟ ಎರಡನ್ನೂ ಒಟ್ಟಿಗೆ ನೋಡಲು 2009ರ ಅಮೆರಿಕದ ಅಧ್ಯಯನವೊಂದು ಚೆನ್ನಾಗಿದೆ. 255 ರೋಗಿಗಳು. ಆರು ತಿಂಗಳ ನಂತರ ಡಿಬಿಎಸ್ ಆದವರಿಗೆ ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚುವರಿ ಒಳ್ಳೆಯ ಸಮಯ ಸಿಕ್ಕಿತ್ತು, ಔಷಧಿ ಗುಂಪಿಗೆ ಸೊನ್ನೆ. ದಿನಕ್ಕೆ ನಾಲ್ಕೂವರೆ ಗಂಟೆ! ಆದರೆ ಅದೇ ಅಧ್ಯಯನದಲ್ಲಿ ಗಂಭೀರ ತೊಂದರೆ ಕಂಡವರು ಡಿಬಿಎಸ್ ಗುಂಪಿನಲ್ಲಿ 40 ಶೇಕಡ, ಔಷಧಿ ಗುಂಪಿನಲ್ಲಿ 11 ಶೇಕಡ. ಬಹಳಷ್ಟು ವಾಸಿಯಾದವು, ನಿಜ. ಆದರೂ ಮಿದುಳಿನಲ್ಲಿ ರಕ್ತಸ್ರಾವ ನೂರರಲ್ಲಿ ಒಬ್ಬಿಬ್ಬರಿಗೆ ಆಗುವ ಸಂಗತಿ, ಸೋಂಕು ಅದಕ್ಕಿಂತ ಜಾಸ್ತಿ. ಸೋಂಕು ಬಿಗಡಾಯಿಸಿದರೆ ಲಕ್ಷಾಂತರ ರೂಪಾಯಿಯ ತಂತಿ, ಬ್ಯಾಟರಿಯನ್ನೇ ತೆಗೆಯಬೇಕಾಗಬಹುದು.

ಅಂಕಿಸಂಖ್ಯೆಯಲ್ಲಿ ಸಿಗದ ತೊಂದರೆಗಳೂ ಇವೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವೈದ್ಯರು ಒಂಬತ್ತು ಜನರ ವಿವರ ಪ್ರಕಟಿಸಿದರು. ಎಲ್ಲರೂ ಒಳ್ಳೆಯ ಈಜುಗಾರರು. ಡಿಬಿಎಸ್ ನಂತರ ನಡಿಗೆ, ಕೈ ಎಲ್ಲ ಚೆನ್ನಾಗಿತ್ತು, ಈಜು ಮಾತ್ರ ಮರೆತೇಹೋಗಿತ್ತು. ಒಬ್ಬರಂತೂ ಧೈರ್ಯವಾಗಿ ಕೆರೆಗೆ ಹಾರಿದರು, ಜೊತೆಯವರು ಎಳೆದುಕೊಳ್ಳದಿದ್ದರೆ ಮುಳುಗಿಯೇ ಹೋಗುತ್ತಿದ್ದರು. ಮೂವರು ಸ್ವಿಚ್ ಆಫ್ ಮಾಡಿ ನೋಡಿದಾಗ ಈಜು ತಕ್ಷಣ ವಾಪಸ್ ಬಂತು. ಕರಾವಳಿಯವರು, ಮಲೆನಾಡಿನವರು, ಹೊಳೆದಂಡೆಯವರು ಇದನ್ನು ಸುಮ್ಮನೆ ತಮಾಷೆ ಅಂತ ಬಿಡುವ ಹಾಗಿಲ್ಲ. ಡಿಬಿಎಸ್ ಆದವರು ಒಬ್ಬರೇ ನೀರಿಗಿಳಿಯಬಾರದು.

ಮನಸ್ಸಿನ ವಿಷಯವೂ ಹಾಗೇ. 2006ರಲ್ಲಿ ಪ್ಯಾರಿಸ್‌ನ ವೈದ್ಯರು 29 ರೋಗಿಗಳನ್ನು ಆಪರೇಷನ್ನಿನ ಹಿಂದೆ ಮುಂದೆ ಕೂರಿಸಿ ಮಾತನಾಡಿಸಿದರು. ದೇಹ ಸುಧಾರಿಸಿತ್ತು. ಆದರೆ ಹಲವರ ಸಂಸಾರದಲ್ಲಿ ಬಿರುಕು ಬಂದಿತ್ತು. ಕೆಲವರು ಕೆಲಸಕ್ಕೆ ಮರಳಲು ಮನಸ್ಸು ಮಾಡಲಿಲ್ಲ. ಹತ್ತು ವರ್ಷ ಗಂಡನನ್ನು ಎತ್ತಿ ಕೂರಿಸಿ, ಉಣಿಸಿ ನೋಡಿಕೊಂಡ ಹೆಂಡತಿಗೆ ಒಂದು ದಿನ ಆ ಕೆಲಸವೇ ಇಲ್ಲದಾದರೆ, ಅತ್ತ ಗಂಡ ಯಾರ ಮಾತೂ ಕೇಳದೆ ಹೊರಟುಬಿಟ್ಟರೆ ಏನಾಗಬಹುದು, ನೀವೇ ಊಹಿಸಿ. ಮೊದಲ ವರ್ಷ ಆತ್ಮಹತ್ಯೆಯ ಯೋಚನೆ, ದುಡುಕು ಸ್ವಭಾವದ ಬಗ್ಗೆ ಮನೆಯವರು ಕಣ್ಣಿಟ್ಟಿರಬೇಕು. ಆಪರೇಷನ್ನಿಗೆ ಮೊದಲು ಮನೋವೈದ್ಯರ ಹತ್ತಿರ ಕಳಿಸುವುದು ‘ಹುಚ್ಚು’ ಅಂತಲ್ಲ, ಇದೇ ಕಾರಣಕ್ಕೆ. ಇದನ್ನು ಬಿಟ್ಟು ಸೀದಾ ಆಪರೇಷನ್ ತಾರೀಖು ಕೊಡುವ ಕಡೆ ನಾನಾದರೆ ಹೋಗುವುದಿಲ್ಲ.

ಇನ್ನೊಂದು ಎಚ್ಚರಿಕೆ, ಸಣ್ಣ ಊರುಗಳವರಿಗೆ ಮುಖ್ಯವಾಗಿ. ಮಂಡಿನೋವಿಗೋ ಭುಜದ ನೋವಿಗೋ ಫಿಸಿಯೋಥೆರಪಿಗೆ ಹೋದರೆ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖದ ಯಂತ್ರ ಹಚ್ಚುವುದುಂಟು. ಡಿಬಿಎಸ್ ಇರುವವರಿಗೆ ಇದು ಪ್ರಾಣಾಂತಿಕ. ಯಂತ್ರದ ಶಕ್ತಿ ತಂತಿಯ ಮೂಲಕ ಮಿದುಳಿಗೆ ಹರಿದು ಅಲ್ಲಿ ಸುಡುತ್ತದೆ. ಹಲ್ಲು ಕೀಳಿಸಿದ ಮೇಲೆ ದವಡೆಗೆ ಡಯಾಥರ್ಮಿ ಕೊಟ್ಟು ರೋಗಿಯ ಮಿದುಳಿಗೆ ಶಾಶ್ವತ ಹಾನಿಯಾದ ಪ್ರಕರಣ 2001ರಲ್ಲೇ ವರದಿಯಾಗಿದೆ. ಎದೆಯಲ್ಲಿ ಉಬ್ಬಿರುವುದನ್ನು ನೋಡಿ ಹಾರ್ಟ್ ಪೇಸ್‌ಮೇಕರ್ ಅಂದುಕೊಳ್ಳುವವರೇ ಹೆಚ್ಚು. ತಲೆಯೊಳಗೂ ತಂತಿ ಇದೆ ಅಂತ ಬಾಯಿಬಿಟ್ಟು ಹೇಳಬೇಕು, ಕಂಪನಿ ಕೊಟ್ಟ ಕಾರ್ಡ್ ಜೇಬಿನಲ್ಲಿರಬೇಕು. ಎಂಆರ್‌ಐ ಮಾಡಿಸುವ ಮೊದಲೂ ಇದೇ ಮಾತು.

ಇನ್ನು ದುಡ್ಡು. ಎರಡೂ ಬದಿಗೆ ಮಾಡಿಸಲು ಹತ್ತು ಲಕ್ಷದ ಆಸುಪಾಸಿನಿಂದ ಮೇಲಕ್ಕೆ ಹೋಗುತ್ತದೆ. ಇದರಲ್ಲಿ ದೊಡ್ಡ ಪಾಲು ಉಪಕರಣದ್ದೇ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ಸರ್ಜನ್ ಫೀಸು ಕಡಿಮೆಯಾಗಬಹುದು, ಉಪಕರಣದ ಬೆಲೆ ಕಡಿಮೆಯಾಗುವುದಿಲ್ಲ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಆಮೇಲೆ ಎದೆ ಕೊಯ್ದು ಹೊಸದನ್ನು ಇಡಬೇಕು, ಮತ್ತೆ ಲಕ್ಷಗಟ್ಟಲೆ. ಚಾರ್ಜ್ ಮಾಡುವ ಬ್ಯಾಟರಿ ಹದಿನೈದು ವರ್ಷದವರೆಗೂ ಬರಬಹುದು. ಬೆಲೆ ಜಾಸ್ತಿ, ಚಾರ್ಜರನ್ನು ಎದೆಗೆ ಹಿಡಿದು ಗಂಟೆಗಟ್ಟಲೆ ಕೂರಬೇಕು. ಒಬ್ಬರೇ ಇರುವ ವಯಸ್ಸಾದವರಿಗೆ ಯಾವುದು ಸರಿ ಅನ್ನುವುದು ಸುಲಭದ ಲೆಕ್ಕವಲ್ಲ. ಬ್ಯಾಟರಿ ಹಠಾತ್ತನೆ ಮುಗಿದರೆ ವರ್ಷಗಳಿಂದ ಅದರ ಮೇಲೇ ನಿಂತ ದೇಹ ರಾತ್ರೋರಾತ್ರಿ ಕಲ್ಲಾಗಬಹುದು. ಐಸಿಯುಗೆ ಹೋದವರೂ ಇದ್ದಾರೆ.

ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 12 ಆಧುನಿಕ ಚಿಕಿತ್ಸೆಗಳ ಪಟ್ಟಿಯಿತ್ತು. ಅವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂತ ಅದು ಹೇಳಿತು, ಅದರಲ್ಲಿ ಡಿಬಿಎಸ್ ಕೂಡ ಒಂದು. ಒಳ್ಳೆಯದೇ. ಆದರೆ ಕಂಪನಿ ತನ್ನ ಮಿತಿ ಹಾಕಬಹುದು. ಐದು ಲಕ್ಷದ ಪಾಲಿಸಿಯಲ್ಲಿ ಇದಕ್ಕೆ ಅರ್ಧವೇ ಅಂತ ಒಳಗೊಂದು ಸಾಲು ಇದ್ದರೆ ಬಿಲ್ ಬಂದಾಗಲೇ ಗೊತ್ತಾಗುವುದು. ಕಾಯಿಲೆ ಬಂದ ಮೇಲೆ ಪಾಲಿಸಿ ಮಾಡಿಸಿದರೆ ಮೂರು ವರ್ಷದವರೆಗೆ ಕಾಯಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಸೇರಿದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಬೆಲೆಯ ವಿಷಯದಲ್ಲಿ ನನಗೊಂದು ತಕರಾರಿದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಹೃದಯದ ಕವಾಟವನ್ನು ಇಲ್ಲೇ ತಯಾರಿಸಿ 1990ರಲ್ಲಿ ರೋಗಿಗೆ ಅಳವಡಿಸಿತು. ಚೀನಾದಲ್ಲಿ ಪಿನ್ಸ್ ಎಂಬ ಕಂಪನಿ ಬೀಜಿಂಗ್‌ನ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಜೊತೆ ಸೇರಿ ಸ್ವಂತ ಡಿಬಿಎಸ್ ಉಪಕರಣವನ್ನೇ ಮಾಡಿತು. ನಮ್ಮಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಹೊರಗಿಂದ ತಂದದ್ದು. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುವವರಿದ್ದಾರೆ, ನರವಿಜ್ಞಾನಿಗಳಿದ್ದಾರೆ, ದೊಡ್ಡ ಆಸ್ಪತ್ರೆಗಳಿವೆ. ಒಂದು ಬ್ಯಾಟರಿ, ನಾಲ್ಕು ಬಿಂದುವಿನ ತಂತಿ ಇಷ್ಟು ವರ್ಷ ಯಾಕೆ ಆಗಲಿಲ್ಲ ಅಂತ ಕೇಳುವುದು ತಪ್ಪಲ್ಲ ಅಲ್ವಾ?

ತಂತಿಯೇ ಬೇಡ ಅನ್ನುವವರಿಗೆ ಫೋಕಸ್ಡ್ ಅಲ್ಟ್ರಾಸೌಂಡ್ ಬಂದಿದೆ. ತಲೆ ಬೋಳಿಸಿ, ಎಂಆರ್‌ಐ ಒಳಗೆ ಮಲಗಿಸಿ, ಸಾವಿರದಷ್ಟು ಮೂಲಗಳಿಂದ ಶಬ್ದತರಂಗಗಳನ್ನು ಒಂದೇ ಬಿಂದುವಿಗೆ ಸೇರಿಸಿ ಸುಡುತ್ತಾರೆ. ತೂತಿಲ್ಲ, ಬ್ಯಾಟರಿಯಿಲ್ಲ, ಮತ್ತೆ ಮತ್ತೆ ಬರುವ ಹಂಗಿಲ್ಲ. ಎಸೆನ್ಶಿಯಲ್ ಟ್ರೆಮರ್‌ಗೆ ಎಫ್‌ಡಿಎ ಒಪ್ಪಿದ್ದು 2016ರಲ್ಲಿ. ದೂರದ ಊರಿನ, ಒಂದೇ ಕೈ ನಡುಗುವ ಎಪ್ಪತ್ತೈದರ ಅಜ್ಜನಿಗೆ ಇದೇ ಮೇಲು ಅನಿಸಬಹುದು. ಆದರೆ ಸುಟ್ಟದ್ದು ಸುಟ್ಟಂತೆಯೇ. ಕಾಯಿಲೆ ಮುಂದುವರಿದಂತೆ ಹೊಂದಿಸಿಕೊಳ್ಳಲು ಬರುವುದಿಲ್ಲ.

ಡಿಬಿಎಸ್ ಕಡೆಯ ಹೊಸ ಸುದ್ದಿ ತಾನಾಗಿ ಹೊಂದಿಸಿಕೊಳ್ಳುವ ಯಂತ್ರ. ಅದೇ ತಂತಿ ಮಿದುಳಿನ ಬೀಟಾ ಲಯವನ್ನು ಓದುತ್ತದೆ, ಲಯ ಜೋರಾದರೆ ಕರೆಂಟ್ ಏರಿಸುತ್ತದೆ, ಇಳಿದರೆ ಇಳಿಸುತ್ತದೆ. ಮೆಡ್‌ಟ್ರಾನಿಕ್ ಕಂಪನಿಯ ಇಂಥ ವ್ಯವಸ್ಥೆಗೆ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನು ಡಾಕ್ಟರ ಹತ್ತಿರ ಹೋಗುವುದೇ ಬೇಡ ಅಂತ ಅಂದುಕೊಳ್ಳಬೇಡಿ. ಯಾವ ಬಿಂದು, ಯಾವ ಆವರ್ತನದ ಲಯ, ಎಲ್ಲಿಂದ ಎಲ್ಲಿಯವರೆಗೆ ಏರಿಳಿಯಬೇಕು ಅಂತ ಹೇಳಿಕೊಡಬೇಕಾದವರು ಮತ್ತೆ ಅದೇ ಕೋಣೆಯ ಅದೇ ತಜ್ಞರು. ಕೆಲಸ ಕಡಿಮೆಯಾಗುವ ಮೊದಲು ಜಾಸ್ತಿಯೇ ಆಗುತ್ತದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಈ ಮಾತು ಬಂದಿದ್ದರೆ ಸರ್ಜನ್ ಎಷ್ಟು ಆಪರೇಷನ್ ಮಾಡಿದ್ದಾರೆ ಅಂತ ಕೇಳಿ, ಖಂಡಿತ ಕೇಳಿ. ಅದರ ಜೊತೆಗೆ ಇವನ್ನೂ ಕೇಳಿ: ಪ್ರೋಗ್ರಾಮಿಂಗ್ ಮಾಡುವುದು ನರರೋಗ ತಜ್ಞರಾ ಅಥವಾ ಕಂಪನಿಯ ಪ್ರತಿನಿಧಿಯಾ? ಅವರು ಆಸ್ಪತ್ರೆ ಬಿಟ್ಟರೆ ಮುಂದೆ ಯಾರು? ಪ್ರತಿ ಸಲಕ್ಕೆ ಎಷ್ಟು ಫೀಸು? ಬ್ಯಾಟರಿ ಮುಗಿಯುತ್ತಿದೆ ಅಂತ ಎಷ್ಟು ತಿಂಗಳು ಮೊದಲು ಗೊತ್ತಾಗುತ್ತದೆ, ಅದನ್ನು ಮನೆಯಲ್ಲಿ ನೋಡುವುದು ಹೇಗೆ, ಬದಲಿ ಬ್ಯಾಟರಿಗೆ ಇವತ್ತಿನ ಬೆಲೆ ಎಷ್ಟು?